ಎಡಗೈಯ ನಿವೃತ್ತಿ

ಟ್ರೇಲ್ ಬೈಕಿಗೆ ಆಟೋಮ್ಯಾಟಿಕ್ ಕ್ಲಚ್ ಹಾಕಿಸುತ್ತೇನೆ ಅಂದಾಗ ನಮ್ಮನೆಯವಳು ಕೇಳಿದ್ದು ಒಂದೇ ಪ್ರಶ್ನೆ. "ಅದ್ರ ಬದ್ಲು ಒಂದು ಸ್ಕೂಟಿ ತಗೋಬಹುದಲ್ರೀ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ ಅಂತ ಯಾರೂ ತಿಳಿಯಬಾರದು. ಇತ್ತು, ಬಹಳ ಉದ್ದದ್ದೇ ಇತ್ತು. ಗ್ರೌಂಡ್ ಕ್ಲಿಯರೆನ್ಸಿನಿಂದ ಶುರು ಮಾಡಿ, ಸಸ್ಪೆನ್ಷನ್ನಿಗೆ ಬಂದು, 21 ಇಂಚಿನ ಮುಂದಿನ ಚಕ್ರ ಕಲ್ಲು ಹತ್ತುವ ವೈಖರಿಯನ್ನು ನಾನು ವರ್ಣಿಸುತ್ತಿರುವಾಗ ಅವಳು ಒಳಗೆ ಹೋಗಿ, ಕುಕ್ಕರ್ ಇಳಿಸಿ, ಒಗ್ಗರಣೆ ಹಾಕಿ ವಾಪಸ್ ಬಂದಳು. ನಾನಿನ್ನೂ ಮುಂದಿನ ಚಕ್ರದಲ್ಲೇ ಇದ್ದೆ. "ಅದೆಲ್ಲ ಸರಿ. ಕ್ಲಚ್ ಇಲ್ದೇ ಇರೋದು ಸ್ಕೂಟಿನೂ ಹೌದಲ್ವಾ?" ಅಂದಳು. ಗಂಡಸರ ತಾಂತ್ರಿಕ ಚರ್ಚೆಗಳಲ್ಲಿ ಹೀಗೆ ಮಧ್ಯಕ್ಕೇ ಕೈ ಹಾಕಿ ತಿರುಳು ಎತ್ತುವುದು ಸೌಜನ್ಯವಲ್ಲ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.

ಚಿಕ್ಕಮಗಳೂರು ಬೆಟ್ಟದ ಅತ್ತಿಗುಂಡಿಯಲ್ಲಿ ತೋಟ ಇರುವವರಿಗೆ ನನ್ನ ಕಷ್ಟ ವಿವರಿಸಬೇಕಾಗಿಲ್ಲ. ಇಲ್ಲಿ ಸಪಾಟು ಜಾಗ ಅಂದರೆ ಕಾಫಿ ಒಣಗಿಸುವ ಕಣ ಒಂದೇ. ಉಳಿದದ್ದೆಲ್ಲ ಒಂದೋ ಏರು, ಇಲ್ಲವೇ ಇಳಿಜಾರು; ಮಳೆಗಾಲದಲ್ಲಿ ಎರಡೂ ಜಾರು. ನಮ್ಮ ಮನೆಯಿಂದ ಮೇಲಿನ ತೋಟಕ್ಕೆ ಹೋಗುವ ಜೀಪಿನ ದಾರಿಯಲ್ಲಿ ಒಂದು ತಿರುವಿದೆ. ಒಂದು ಕಡೆ ಸಿಲ್ವರ್ ಓಕಿನ ಬೇರು, ಇನ್ನೊಂದು ಕಡೆ ಸಡಿಲ ಕಲ್ಲು, ಮಧ್ಯದಲ್ಲಿ ಮಳೆನೀರು ಕೊರೆದ ಕೊರಕಲು. ಅಲ್ಲಿ ಫಸ್ಟ್ ಗೇರಿನಲ್ಲಿ, ಅರ್ಧ ಕ್ಲಚ್ ಹಿಡಿದು, ನಡೆಯುವವರಿಗಿಂತ ನಿಧಾನವಾಗಿ ಹತ್ತಬೇಕು. ಕ್ಲಚ್ ಒಂದಿಷ್ಟು ಜಾಸ್ತಿ ಬಿಟ್ಟರೆ ಇಂಜಿನ್ ಆಫ್. ಒಂದಿಷ್ಟು ಜಾಸ್ತಿ ಹಿಡಿದರೆ ಗಾಡಿ ಹಿಂದಕ್ಕೆ. ಇವೆರಡರ ನಡುವೆ ಕೂದಲೆಳೆಯಷ್ಟು ಜಾಗದಲ್ಲಿ ಐವತ್ತು ದಾಟಿದ ಬೆಳೆಗಾರನ ಮಾನ ನೇತಾಡುತ್ತಿರುತ್ತದೆ.

ನನ್ನ ಬೈಕು ಸರಿಯಾಗಿ ಅಲ್ಲೇ ಆಫ್ ಆಗುತ್ತಿತ್ತು. ಕಳೆ ತೆಗೆಯುವ ಹೆಂಗಸರು ನನ್ನ ಗಾಡಿಯ ಸದ್ದು ಕೇಳಿದ ಕೂಡಲೇ ಕತ್ತಿ ಕೆಳಗಿಟ್ಟು ಆ ತಿರುವಿನ ಕಡೆ ನೋಡುತ್ತಾ ನಿಲ್ಲುತ್ತಿದ್ದರು. ಟಿಕೆಟ್ಟಿಲ್ಲದ ಪ್ರದರ್ಶನ. "ಆಫ್ ಆಯ್ತಾ ಅಯ್ಯಾ?" ಎಂದು ಒಬ್ಬಳು ಕೇಳುವಳು. ಆ ದನಿಯಲ್ಲಿ ಕುಚೋದ್ಯ ಇದ್ದಿದ್ದರೆ ಸಹಿಸಬಹುದಿತ್ತು, ನಿಜವಾದ ಮರುಕ ಇರುತ್ತಿತ್ತು. "ಕ್ಲಚ್ ಸರಿ ಇಲ್ಲ" ಎಂದು ನಾನು ಘನವಾಗಿ ಸಾರಿ, ಎಡ ಹೆಬ್ಬೆರಳಿನ ಕೀಲು ತಿಕ್ಕಿಕೊಳ್ಳುತ್ತಿದ್ದೆ. ಕೀಲು ನೋಯುತ್ತಿದ್ದದ್ದು ನಿಜ. ಡಾಕ್ಟರು "ವಯಸ್ಸು" ಎಂದಿದ್ದರು. ನಾನು ಅದನ್ನು "ಕ್ಲಚ್" ಎಂದು ತಿದ್ದಿಕೊಂಡಿದ್ದೆ.

ಇಂಥವನು ಟ್ರೇಲ್ ಬೈಕು ಯಾಕೆ ತಗೊಂಡ ಎಂದು ಕೇಳಬಹುದು. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಡಾಕರ್ ರ‍್ಯಾಲಿಯನ್ನು ಕೊನೆಯವರೆಗೆ ಓಡಿಸಿದ ಮೊದಲ ಭಾರತೀಯರಾದರು. 2019ರಲ್ಲಿ ಉಡುಪಿಯ ಕೆ.ಪಿ. ಅರವಿಂದ್ ಪೆರುವಿನ ಮರಳುದಿಬ್ಬ ದಾಟಿ ಅದೇ ರ‍್ಯಾಲಿ ಮುಗಿಸಿದರು. ನಮ್ಮನೆಯಲ್ಲಿ ಇದನ್ನೆಲ್ಲ ಗಮನಿಸಿದವನು ನಾನೊಬ್ಬನೇ. ಆಮೇಲೆ 2021ರಲ್ಲಿ ಅರವಿಂದ್ ಬಿಗ್ ಬಾಸ್ ಮನೆಗೆ ಹೋದರು ನೋಡಿ, ಅತ್ತೆಯಿಂದ ಹಿಡಿದು ನಾದಿನಿಯವರೆಗೆ ಎಲ್ಲರಿಗೂ ಮಣ್ಣಿನಲ್ಲಿ ಬೈಕು ಓಡಿಸುವವರ ಮೇಲೆ ಏಕಾಏಕಿ ಗೌರವ ಹುಟ್ಟಿತು. ಆ ಗೌರವ ಆರುವ ಮುಂಚೆ ನಾನು ಬೈಕು ಮನೆಗೆ ತಂದು ನಿಲ್ಲಿಸಿದೆ. ಯಾವ ಕಂಪನಿ ಎಂದು ಹೇಳುವುದಿಲ್ಲ. ಬೈಕಿನ ತಪ್ಪು ಇದರಲ್ಲಿ ಏನೂ ಇಲ್ಲ.

ಎಡಗೈಯನ್ನು ಕ್ಲಚ್ಚಿನಿಂದ ಬಿಡಿಸುವ ಆಸೆ ನನ್ನೊಬ್ಬನದಲ್ಲ, ಅದಕ್ಕೆ ದೊಡ್ಡ ವಂಶಾವಳಿಯೇ ಇದೆ. 1958ರಲ್ಲಿ ಜಪಾನಿನಲ್ಲಿ ಹೋಂಡಾ ಸೂಪರ್ ಕಬ್ ಬಂತು. ಸೋಬಾ ಎಂಬ ಅವರ ಶಾವಿಗೆಯನ್ನು ಮನೆಮನೆಗೆ ಮುಟ್ಟಿಸುವ ಹುಡುಗ ಒಂದು ಕೈಯಲ್ಲಿ ತಟ್ಟೆ ಹಿಡಿದು ಇನ್ನೊಂದರಲ್ಲಿ ಗಾಡಿ ಓಡಿಸುವಂತಿರಬೇಕು ಎಂದು ಸೋಯಿಚಿರೊ ಹೋಂಡಾ ಹಟ ಹಿಡಿದರಂತೆ. ಹಾಗಾಗಿ ಗೇರು ಕಾಲಿಗೆ ಹೋಯಿತು, ಕ್ಲಚ್ಚು ತನ್ನ ಪಾಡಿಗೆ ತಾನು ಕೆಲಸ ಮಾಡತೊಡಗಿತು. 2017ರ ಹೊತ್ತಿಗೆ ಅಂಥ ಗಾಡಿ 10 ಕೋಟಿ ತಯಾರಾಗಿತ್ತು. ನಮ್ಮಲ್ಲಿ 1972ರಲ್ಲಿ ಲೂನಾ, 1980ರಲ್ಲಿ ಹೊಸೂರಿನಿಂದ ಟಿವಿಎಸ್ 50, 1997ರಲ್ಲಿ ಹೀರೋ ಹೋಂಡಾ ಸ್ಟ್ರೀಟ್. 2009ರಲ್ಲಿ ಟಿವಿಎಸ್‌ನವರು ಜೈವ್ ಎಂದು ಒಂದು ಬಿಟ್ಟರು. ನೋಡಲು ಅಪ್ಪಟ ಬೈಕು, ಗೇರೂ ಇದೆ, ಕ್ಲಚ್ ಲಿವರ್ ಮಾತ್ರ ಇಲ್ಲ. ಹ್ಯಾಂಡಲಿನ ಎಡಗಡೆ ಬೋಳಾಗಿದ್ದದ್ದು ನೋಡಿ ನಮ್ಮ ಗಂಡಸರಿಗೆ ಜೀವ ಹಾರಿರಬೇಕು. ಅದು ಬಹಳ ಕಾಲ ಬಾಳಲಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಪಲ್ಪರ್ ಮನೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿರುವ ಅಪ್ಪನ ಯೆಜ್ಡಿಯಲ್ಲೇ ಈ ವಿದ್ಯೆ ಇತ್ತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಹೊಗೆಯಾಡಿತು. ಜಾವಾ ಎಂಬ ಹೆಸರು 1973ರಲ್ಲಿ ಯೆಜ್ಡಿ ಆಯಿತು. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಬಾಗಿಸಿದರೆ ಗೇರಿನ ಲಿವರ್ ಆಗುತ್ತಿದ್ದದ್ದು ಎಲ್ಲರಿಗೂ ನೆನಪಿದೆ. ಎಲ್ಲರೂ ಮರೆತದ್ದು ಇದು: ಆ ಲಿವರನ್ನು ಕಾಲಲ್ಲಿ ಒತ್ತಿದಾಗ ಒಳಗೆ ಕ್ಲಚ್ಚೂ ತಾನಾಗಿ ಬಿಡಿಸಿಕೊಳ್ಳುತ್ತಿತ್ತು. ಕೈ ಬೇಕಾಗಿದ್ದದ್ದು ಹೊರಡುವಾಗ, ನಿಲ್ಲುವಾಗ ಅಷ್ಟೇ. ಕವಿಕಲ್ ಗಂಡಿಯ ಗಾಳಿಯಲ್ಲಿ ಅಪ್ಪ ಎಡಗೈ ಜರ್ಕಿನ್ ಜೇಬಿನಲ್ಲಿಟ್ಟುಕೊಂಡು ಗೇರು ಬದಲಾಯಿಸುತ್ತಾ ಬರುವುದನ್ನು ಹಿಂದಿನ ಸೀಟಿನಿಂದ ನೋಡಿದವನು ನಾನು. ಅದು ಶೌರ್ಯ ಎಂದುಕೊಂಡಿದ್ದೆ. ಮೆಕ್ಯಾನಿಸಂ ಎಂದು ಗೊತ್ತಾಗಲು ಇಷ್ಟು ವಯಸ್ಸಾಗಬೇಕಾಯಿತು.

ಟ್ರೇಲ್ ಬೈಕಿಗೆ ಬೇಕಾದ ಆಟೋಮ್ಯಾಟಿಕ್ ಕ್ಲಚ್ಚಿಗೆ ಹೆಸರಾದವರು ಅಮೆರಿಕದ ಐಡಹೊ ರಾಜ್ಯದ ರೆಕ್ಲೂಸ್ ಕಂಪನಿಯವರು. ಅವರ ಸಾಮಾನು ಒಂದೊಂದು ಬೈಕಿಗೆ ಅಳತೆ ಹಿಡಿದು ಮಾಡಿದ್ದು. ಅದು ನನ್ನ ಬೈಕಿನ ಅಳತೆಗೂ ಬರುವುದಿಲ್ಲ, ನನ್ನ ಜೇಬಿನ ಅಳತೆಗೂ ಬರುವುದಿಲ್ಲ. ನನಗೆ ಸಿಕ್ಕಿದ್ದು ಯಾರ ಹೆಸರೂ ಇಲ್ಲದ ಒಂದು ಪೊಟ್ಟಣ. ಅದನ್ನು ಚಿಕ್ಕಮಗಳೂರಿನ ನಮ್ಮ ಮೇಸ್ತ್ರಿಯ ಮುಂದೆ ಬಿಚ್ಚಿದಾಗ ಅವನು ಅದರೊಳಗಿದ್ದ ಪ್ಲೇಟನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿ ನೋಡಿ, "ಅಣ್ಣ, ಜಾತ್ರೆಲಿ ತಿರುಗೋ ತೊಟ್ಲು ನೋಡಿದೀರಲ್ಲ? ಸ್ಪೀಡಾದಂಗೆ ಹೊರಕ್ಕೆ ಹೋಗ್ತವೆ. ಇದರೊಳಗಿರೋ ಬೆಣೆನೂ ಅಷ್ಟೇ" ಎಂದ. ಆ ಒಂದು ಮಾತಿಗೆ ನಾನು ಎಲ್ಲಾ ಅರ್ಥ ಮಾಡಿಕೊಂಡೆ.

ಮಾಮೂಲಿ ಬೈಕಿನ ಕ್ಲಚ್ಚಿನಲ್ಲಿ ಆಯಿಲ್ಲಿನಲ್ಲಿ ಮುಳುಗಿದ ಪ್ಲೇಟುಗಳು ಒಂದರ ಮೇಲೊಂದು ಕೂತಿರುತ್ತವೆ. ಸ್ಪ್ರಿಂಗು ಅವನ್ನು ಯಾವಾಗಲೂ ಒತ್ತಿ ಹಿಡಿದಿರುತ್ತದೆ. ಲಿವರ್ ಹಿಡಿದಾಗ ಸಡಿಲವಾಗುತ್ತವೆ, ಬಿಟ್ಟಾಗ ಕಚ್ಚಿಕೊಳ್ಳುತ್ತವೆ. ಆಟೋಮ್ಯಾಟಿಕ್ಕಿನಲ್ಲಿ ಅವುಗಳ ನಡುವೆ ಈ ಬೆಣೆಗಳ ಪ್ಲೇಟು ಸೇರಿಕೊಳ್ಳುತ್ತದೆ. ಇಂಜಿನ್ ಐಡ್ಲಿಂಗಿನಲ್ಲಿದ್ದಾಗ ಬೆಣೆ ಒಳಗೆ, ಪ್ಲೇಟು ತೆಳ್ಳಗೆ, ಕ್ಲಚ್ ಸಡಿಲವಾಗಿರುತ್ತದೆ. ಆಕ್ಸಿಲರೇಟರ್ ಕೊಟ್ಟರೆ ಬೆಣೆಗಳು ಹೊರಕ್ಕೆ ಸರಿದು ಇಳಿಜಾರು ಹತ್ತಿ ಪ್ಲೇಟನ್ನು ದಪ್ಪ ಮಾಡುತ್ತವೆ, ಎಲ್ಲ ಪ್ಲೇಟುಗಳೂ ಒತ್ತಿಕೊಂಡು ಗಾಡಿ ಹೊರಡುತ್ತದೆ. ಗೇರಿನಲ್ಲಿ ನಿಂತಿದ್ದರೂ ಇಂಜಿನ್ ಆಫ್ ಆಗುವ ಪ್ರಶ್ನೆಯೇ ಇಲ್ಲ. ಅಂದರೆ, ಕಳೆ ತೆಗೆಯುವ ಹೆಂಗಸರ ಮನರಂಜನೆಗೆ ಕೊನೆ.

"ಪ್ಲೇಟು ರಾತ್ರಿಯೆಲ್ಲ ಆಯಿಲ್ಲಲ್ಲಿ ನೆನೆಹಾಕಿ ತನ್ನಿ" ಎಂದು ಮೇಸ್ತ್ರಿ ಹೇಳಿದ್ದ. ಯಾವ ಪಾತ್ರೆಯಲ್ಲಿ ಎಂದು ಹೇಳಿರಲಿಲ್ಲ. ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಬಂದ ಕೂಗಿನ ವಿಷಯ ಇಲ್ಲಿ ಬೇಡ. ಆ ಬೋಗುಣಿ ಈಗ ಗ್ಯಾರೇಜಿನಲ್ಲಿದೆ, ಅಡುಗೆಮನೆಯಲ್ಲಿ ಹೊಸದೊಂದು ಬಂದಿದೆ, ಅದರ ಬಿಲ್ಲೂ ಕ್ಲಚ್ಚಿನ ಲೆಕ್ಕಕ್ಕೇ ಸೇರಿದೆ.

ಮೇಸ್ತ್ರಿ ಬೈಕನ್ನು ಎಡಕ್ಕೆ ಮಲಗಿಸಿದ. ಕ್ಲಚ್ಚಿನ ಕವರು ಬಲಗಡೆ ಇರುವುದರಿಂದ ಹಾಗೆ ಮಲಗಿಸಿದರೆ ಇಂಜಿನ್ ಆಯಿಲ್ ಬಸಿಯಬೇಕಾಗಿಲ್ಲ. ಕವರ್ ಬಿಚ್ಚಿ, ಪ್ಲೇಟುಗಳನ್ನು ಹಳೇ ಪೇಪರಿನ ಮೇಲೆ ವರಸೆ ತಪ್ಪದಂತೆ ಜೋಡಿಸಿ, ವರ್ನಿಯರ್ ಹಿಡಿದು ದಪ್ಪ ಅಳೆದ. ಎಷ್ಟು ತೆಗೆದನೋ ಅಷ್ಟೇ ದಪ್ಪ ವಾಪಸ್ ಕೂರಬೇಕು. ಲೇತಿಗೆ ಕಳಿಸಿದ, ತರಿಸಿದ, ಮತ್ತೆ ಅಳೆದ, ಮತ್ತೆ ಕಳಿಸಿದ. ಈ ಭಾಗವನ್ನು ನಾನು ಬೇಗ ಮುಗಿಸುತ್ತೇನೆ, ಅವನು ಮುಗಿಸಲಿಲ್ಲ.

ಕೊನೆಯ ಪರೀಕ್ಷೆಗೆ ಬೇಕಾದ ಉಪಕರಣ ಒಂದು ರಬ್ಬರ್ ಬ್ಯಾಂಡ್. ತಮಾಷೆಯಲ್ಲ, ಇಡೀ ಜಗತ್ತಿನಲ್ಲಿ ಈ ಕ್ಲಚ್ ಹಾಕುವವರು ಮಾಡುವುದು ಇದನ್ನೇ. ಕ್ಲಚ್ ಲಿವರಿಗೂ ಹ್ಯಾಂಡಲಿಗೂ ಸೇರಿಸಿ ರಬ್ಬರ್ ಬ್ಯಾಂಡ್ ಸುತ್ತಿ, ಗಾಡಿ ನ್ಯೂಟ್ರಲ್ಲಿನಲ್ಲಿಟ್ಟು ರೈಸ್ ಮಾಡಬೇಕು. ಒಳಗೆ ಪ್ಲೇಟು ದಪ್ಪವಾದಾಗ ಕೇಬಲ್ ಸಡಿಲವಾಗಿ, ಲಿವರಿನ ತುದಿ ಸುಮಾರು 3 ಮಿಲಿಮೀಟರಿನಷ್ಟು ತಾನಾಗಿ ಒಳಕ್ಕೆ ಬರುತ್ತದೆ. ಬಂದರೆ ಸರಿ, ಬರದಿದ್ದರೆ ಅಡ್ಜಸ್ಟ್ ಮಾಡಬೇಕು, ಜಾಸ್ತಿ ಬಂದರೂ ಮಾಡಬೇಕು. ಮೇಸ್ತ್ರಿ ರೈಸ್ ಮಾಡಿದ. ಯಾರೂ ಮುಟ್ಟದ ಲಿವರ್ ಮೆಲ್ಲಗೆ ಒಳಕ್ಕೆ ಸರಿಯಿತು. ಗ್ಯಾರೇಜಿನ ಹುಡುಗ "ದೆವ್ವ!" ಎಂದ. ನಾನು ದುಡ್ಡು ಎಣಿಸಿ ಕೊಟ್ಟೆ.

ಇಂಥದ್ದೊಂದು ಸಾಧನೆಯನ್ನು ಮನೆಯ ಕಣದಲ್ಲೇ ಓಡಿಸಿ ತೃಪ್ತಿಪಡುವಷ್ಟು ನಾನು ದೊಡ್ಡವನಲ್ಲ. ಊರಿಗೆ ತೋರಿಸಬೇಕು. ಅತ್ತಿಗುಂಡಿಯಲ್ಲಿ ಊರು ಅಂದರೆ ಜೀಪ್ ಸ್ಟ್ಯಾಂಡು. ಝರಿ ಫಾಲ್ಸಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪಿನವರು ಅಲ್ಲಿ ಬಾನೆಟ್ಟಿಗೆ ಒರಗಿ ನಿಂತಿರುತ್ತಾರೆ. ಲೋಕದ ಯಾವ ವಾಹನದ ಬಗ್ಗೆಯೂ ಅವರಿಗೆ ಒಳ್ಳೆಯ ಅಭಿಪ್ರಾಯ ಇಲ್ಲ. ಆ ಭಾನುವಾರ, ಗಿರಿಗೆ ಬರುವವರು ಮೊದಲೇ ಆನ್‌ಲೈನಿನಲ್ಲಿ ಬುಕ್ ಮಾಡಬೇಕೆಂಬ ನಿಯಮ ಬರುವ ಮುಂಚಿನ ಭಾನುವಾರ, ನಾನು ಅಂಗಡಿಯಲ್ಲಿ ಒಂದು ಗಾಜಿನ ಲೋಟ ಕಾಫಿ ತಗೊಂಡೆ. ಅದನ್ನು ಎಡಗೈಯಲ್ಲಿ ಹಿಡಿದುಕೊಂಡೇ ಬೈಕು ಹತ್ತಿದೆ. ಜಪಾನಿನ ಸೋಬಾ ಹುಡುಗ ಮಾಡಿದ್ದನ್ನು ಅತ್ತಿಗುಂಡಿಯ ಬೆಳೆಗಾರ ಮಾಡಬಾರದೇ?

"ನೋಡ್ರಪ್ಪಾ" ಎಂದೆ. ಫಸ್ಟ್ ಗೇರು ಹಾಕಿದೆ. ಎಡಗೈಯಲ್ಲಿ ಕಾಫಿ, ಇಂಜಿನ್ ಆನ್, ಗಾಡಿ ಗೇರಿನಲ್ಲಿ, ಆದರೂ ನಿಂತಿದೆ. ಜೀಪಿನವರು ಒರಗಿದ್ದ ಬಾನೆಟ್ಟಿನಿಂದ ಎದ್ದು ನಿಂತರು. ಆ ಸ್ಟ್ಯಾಂಡಿನ ಮಟ್ಟಿಗೆ ಅದು ಚಪ್ಪಾಳೆ. ಬಲಗೈ ಸ್ವಲ್ಪ ತಿರುಗಿಸಿದೆ. ಗಾಡಿ ಒಂದು ಎಳೆತವಿಲ್ಲದೆ, ಒಂದು ಗುಟುಕು ಚೆಲ್ಲದೆ ಏರು ಹತ್ತಿತು. ಸಾಲುಗಟ್ಟಿ ನಿಂತಿದ್ದ ಕಾರುಗಳ ಪಕ್ಕದಲ್ಲಿ ನಾನು ಹೋಗುತ್ತಿದ್ದರೆ ಕಿಟಕಿಗಳಲ್ಲಿ ಮೊಬೈಲುಗಳು ಎದ್ದವು. ಇಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧಕ್ಕೆ ಅಗತ್ಯವೇ ಬೀಳುತ್ತಿರಲಿಲ್ಲ.

ತಿರುವಿನಲ್ಲಿ ಎದುರಿನಿಂದ ಟೆಂಪೋ ಟ್ರಾವೆಲರ್ ಬಂತು. ನಾನು ಎರಡು ಕಾರುಗಳ ಮಧ್ಯೆ ನುಸುಳಿ ನಿಂತೆ. ಎಡಕ್ಕೆ ಚರಂಡಿ, ಬಲಕ್ಕೆ ಟೆಂಪೋ, ಮುಂದೆ ಒಂದು ಕಾರಿನ ಬಂಪರ್, ಹಿಂದೆ ಇನ್ನೊಂದರ ಬಂಪರ್. ಬಲಗಾಲು ಬ್ರೇಕಿನ ಮೇಲೆ, ಎಡಗಾಲು ಚರಂಡಿಯ ಅಂಚಿನ ಕಲ್ಲಿನ ಮೇಲೆ. ಇಂಜಿನ್ ಶಾಂತವಾಗಿ ಗುಡುಗುಡು ಅನ್ನುತ್ತಿದೆ. ಟ್ರಾಫಿಕ್ ಜಾಮು. ಬೆಟ್ಟ ಹತ್ತುವವರು ಹತ್ತಲಾರರು, ಇಳಿಯುವವರು ಇಳಿಯಲಾರರು. ಎಲ್ಲರೂ ಇಂಜಿನ್ ಆಫ್ ಮಾಡಿದರು. ನಾನೂ ಮಾಡಿದೆ.

ಘಟ್ಟದಲ್ಲಿ ಹುಟ್ಟಿ ಬೆಳೆದ ಯಾರೇ ಆದರೂ ಏರಿನಲ್ಲಿ ಗಾಡಿ ನಿಲ್ಲಿಸುವುದು ಹೀಗೆ: ಫಸ್ಟ್ ಗೇರು, ಇಂಜಿನ್ ಆಫ್, ಬ್ರೇಕ್ ಬಿಡು. ಗೇರು ಹಿಡಿದುಕೊಳ್ಳುತ್ತದೆ. ನಾನು ಬ್ರೇಕ್ ಬಿಟ್ಟೆ. ಬೈಕು ಹಿಂದಕ್ಕೆ ಹೊರಟಿತು.

ಬೆಣೆಗಳ ವಿಷಯ ಆಗ ನೆನಪಾಯಿತು. ಇಂಜಿನ್ ತಿರುಗದಿದ್ದರೆ ಬೆಣೆ ಒಳಗೆ. ಬೆಣೆ ಒಳಗಿದ್ದರೆ ಕ್ಲಚ್ ಸಡಿಲ. ಕ್ಲಚ್ ಸಡಿಲವಾಗಿದ್ದರೆ ಗೇರು ಇದ್ದೂ ಇಲ್ಲ. ಬ್ರೇಕ್ ಮತ್ತೆ ತುಳಿದೆ. ಹಿಂದಿನ ಬಂಪರಿಗೂ ನನ್ನ ನಂಬರ್ ಪ್ಲೇಟಿಗೂ ಮಧ್ಯೆ ಒಂದು ಬಿಸ್ಕತ್ತಿನಷ್ಟು ಜಾಗ ಉಳಿಯಿತು.

ಈಗ ನನ್ನ ಸ್ಥಿತಿಯನ್ನು ದಯವಿಟ್ಟು ನಿಧಾನವಾಗಿ ಪರಿಶೀಲಿಸಬೇಕು. ಬಲಗಾಲು ಎತ್ತಿದರೆ ಗಾಡಿ ಹಿಂದಿನ ಕಾರಿಗೆ. ಇಂಜಿನ್ ಆನ್ ಮಾಡಿ ಆಕ್ಸಿಲರೇಟರ್ ಕೊಟ್ಟರೆ ಮುಂದಿನ ಕಾರಿಗೆ. ಎಡಗಾಲು ಎತ್ತಿದರೆ ಚರಂಡಿಗೆ. ಸೈಡ್ ಸ್ಟ್ಯಾಂಡ್ ಹಾಕಬೇಕಾದ ಕಾಲೇ ಗಾಡಿಗೆ ಸ್ಟ್ಯಾಂಡ್ ಆಗಿ ನಿಂತಿದೆ. ಹಾಕಿದರೂ ಬ್ರೇಕ್ ಬಿಟ್ಟ ಕೂಡಲೇ ಸ್ಟ್ಯಾಂಡ್ ಸಮೇತ ಹಿಂದಕ್ಕೆ. ಬಲಗೈ ಮುಂದಿನ ಬ್ರೇಕಿನ ಮೇಲೆ, ಬಿಡುವ ಧೈರ್ಯವಿಲ್ಲ. ಇಡೀ ದೇಹದಲ್ಲಿ ಸ್ವತಂತ್ರವಾಗಿ ಉಳಿದಿದ್ದದ್ದು ಎಡಗೈ ಒಂದೇ, ಅದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ ಖರ್ಚು ಮಾಡಿದ್ದು? ಅದರಲ್ಲಿ ಕಾಫಿ ಇತ್ತು. ಕುಡಿಯೋಣ ಎಂದರೆ ತಲೆಯ ಮೇಲೆ ಮೋಟೊಕ್ರಾಸ್ ಹೆಲ್ಮೆಟ್. ಅದರ ಗದ್ದ ಮುಖಕ್ಕಿಂತ ಅರ್ಧ ಗೇಣು ಮುಂದಕ್ಕೆ ಚಾಚಿರುತ್ತದೆ. ಲೋಟ ಹೆಲ್ಮೆಟ್ಟಿಗೆ ತಾಗಿ ಟಣ್ ಅಂತು. ಇನ್ನೊಮ್ಮೆ ಪ್ರಯತ್ನಿಸಿದೆ. ಟಣ್. ಕಾಫಿ ಚಿಕ್ಕಮಗಳೂರಿನದು, ಬಿಸಿ ಇದೆ, ಘಮ ಬರುತ್ತಿದೆ, ಕಣ್ಣ ಮುಂದೆ ಇದೆ. ತ್ರಿಶಂಕುವಿಗೆ ಕೂಡ ಕಾಫಿಯ ಹಿಂಸೆ ಇರಲಿಲ್ಲ.

ಆಗ ಬಲಗಡೆಯ ಟೆಂಪೋದ ಕಿಟಕಿ ಸರಿಯಿತು. ಒಬ್ಬ ಹೆಂಗಸು ಹೊರಗೆ ಬಗ್ಗಿ, "ಅಂಕಲ್, ಕಾಫಿ ಎಷ್ಟು?" ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ. ಆ ವರ್ಷದ ಧಾರಣೆ ಕೇಳುತ್ತಿದ್ದಾರೆ ಎಂದುಕೊಂಡು "ಪಾರ್ಚ್‌ಮೆಂಟಾ, ಚೆರಿಯಾ?" ಎಂದೆ. ಅವರು ಒಳಗೆ ತಿರುಗಿ, "ಎರಡು ಥರ ಇದೆಯಂತೆ" ಎಂದರು. ಒಳಗಿನಿಂದ ಒಂದು ಗಂಡು ದನಿ, "ಶುಗರ್‌ಲೆಸ್ ಇದೆಯಾ ಕೇಳು." ಇನ್ನೊಂದು ದನಿ, "ಸ್ಕ್ಯಾನರ್ ಇದೆಯಾ?" ಇಷ್ಟರಲ್ಲಿ ನನಗೆ ಹೊಳೆಯಿತು. ಜಾಮಿನಲ್ಲಿ ಸಿಕ್ಕಿಬಿದ್ದವರಿಗೆ ಬೈಕಿನ ಮೇಲೆ ಕಾಫಿ ಹೊತ್ತು ತಂದು ಮಾರುವ, ಹೆಲ್ಮೆಟ್ಟು ಗ್ಲೌಸು ಹಾಕಿಕೊಂಡ, ಶುಚಿತ್ವದ ವಿಷಯದಲ್ಲಿ ಬಹಳ ಮುತುವರ್ಜಿಯ ಸ್ಥಳೀಯ ವ್ಯಾಪಾರಿ ನಾನು. ಸೋಯಿಚಿರೊ ಹೋಂಡಾ ಕಂಡ ಕನಸು ಅತ್ತಿಗುಂಡಿಯ ತಿರುವಿನಲ್ಲಿ ಅಕ್ಷರಶಃ ನನಸಾಗಿತ್ತು.

ಇಲ್ಲ ಎನ್ನಬಹುದಿತ್ತು. ಆದರೆ ಲೋಟ ಕೈಯಿಂದ ಹೋಗಬೇಕಿತ್ತಲ್ಲ? ಎಡಗೈಯನ್ನು ಎದೆಯ ಮುಂದಿನಿಂದ ಬಲಕ್ಕೆ ಚಾಚಿ ಕೊಟ್ಟೆ. ಅವರು ಒಂದು ಗುಟುಕು ಕುಡಿದು, "ಸ್ವಲ್ಪ ಆರಿದೆ" ಎಂದು ದೂರಿದರು. ನಾನು ಕ್ಷಮೆ ಕೇಳಿದೆ. ಹೌದು, ಕೇಳಿದೆ, ವ್ಯಾಪಾರದಲ್ಲಿ ಗಿರಾಕಿಯೇ ದೇವರು. ಇಪ್ಪತ್ತು ರೂಪಾಯಿಯ ನೋಟನ್ನು ಮಡಿಸಿ ನನ್ನ ಗ್ಲೌಸಿನೊಳಗೆ ಸಿಕ್ಕಿಸಿದರು. ಆ ಹೊತ್ತಿಗೆ ಸರಿಯಾಗಿ ಜಾಮು ಬಿಟ್ಟು ಟೆಂಪೋ ಹೊರಟಿತು, ಅಂಗಡಿಯವನ ಲೋಟ ಸಮೇತ.

ಹಿಂದಿನ ಕಾರು ಹಾರ್ನ್ ಹೊಡೆಯತೊಡಗಿತು. ಇಷ್ಟು ಹೊತ್ತು ನಿಂತು ಕಾಲು ನಡುಗುತ್ತಿದ್ದದ್ದರಿಂದ ಹೊರಡುವ ಶಕ್ತಿಯೂ ನನಗಿರಲಿಲ್ಲ. ಜೀಪ್ ಸ್ಟ್ಯಾಂಡಿನ ಹಿರಿಯರೊಬ್ಬರು ಬೀಡಿ ಕಚ್ಚಿಕೊಂಡು ನಡೆದು ಬಂದರು. ನನ್ನನ್ನು ನೋಡಿದರು, ಬೈಕು ನೋಡಿದರು, ಚರಂಡಿಯ ಪಕ್ಕದಿಂದ ಒಂದು ಕಲ್ಲು ಎತ್ತಿ ಹಿಂದಿನ ಚಕ್ರಕ್ಕೆ ಅಡ್ಡ ಇಟ್ಟರು. "ಇನ್ನು ಇಳೀರಿ ಗೌಡ್ರೆ" ಎಂದರು. ಇಳಿದೆ. "ನಿಮ್ಮ ಕ್ಲಚ್ ಎಂತ ಮಾಡ್ತದೋ ಗೊತ್ತಿಲ್ಲ. ಈ ಕಲ್ಲು ಮಾತ್ರ ಆಟೋಮ್ಯಾಟಿಕ್" ಎಂದು ಹೇಳಿ ಹೋದರು.

ಕಲ್ಲಿನ ಪಕ್ಕದಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದಾಗ ಸಿಟಿಯಿಂದ ಬಂದ ನಾಲ್ಕಾರು ಟ್ರೇಲ್ ಬೈಕುಗಳು ಹಾದುಹೋದವು. ಮಂಡಿಗೆ ಕವಚ, ಎದೆಗೆ ಕವಚ, ಹೆಲ್ಮೆಟ್ಟಿನ ಮೇಲೆ ಕ್ಯಾಮೆರಾ. ನನ್ನ ಬೈಕು ನೋಡಿ ತಮ್ಮವನೇ ಎಂದುಕೊಂಡು ಹೆಬ್ಬೆರಳು ಎತ್ತಿದರು. ನನಗೂ ಖುಷಿಯಾಗಿ ಎಡಗೈ ಎತ್ತಿದೆ, ಹೇಗೂ ಖಾಲಿಯಿತ್ತಲ್ಲ. ಸ್ವಲ್ಪ ಮುಂದೆ ಹೋಗಿ ಅವರು ಟಾರು ರಸ್ತೆ ಬಿಟ್ಟು ಹುಲ್ಲುಗುಡ್ಡಕ್ಕೆ ನುಗ್ಗಿದರು.

ಇಲ್ಲಿ ನನಗೆ ನಗು ಬರುವುದಿಲ್ಲ. ಆ ಹುಲ್ಲನ್ನು ಪಾಳುಭೂಮಿ ಎಂದುಕೊಳ್ಳುವವರು ಬಹಳ. ಮಳೆಗಾಲದ ನೀರನ್ನು ಹುಲ್ಲಿನ ಬೇರು ಹಿಡಿದಿಟ್ಟುಕೊಂಡು, ಕೆಳಗಿನ ಶೋಲಾ ಕಾಡಿಗೆ, ಅಲ್ಲಿಂದ ಹಳ್ಳಕ್ಕೆ ನಿಧಾನವಾಗಿ ಬಿಡುತ್ತದೆ. ಮುಳ್ಳು ಟೈರು ಒಮ್ಮೆ ಬೇರು ಕಿತ್ತರೆ ಆ ಗೆರೆ ಮುಂದಿನ ಮಳೆಗೆ ಕಾಲುವೆ, ಅದರ ಮುಂದಿನ ಮಳೆಗೆ ಕೊರಕಲು. ಈ ಬೆಟ್ಟಸಾಲಿನ ನೀರೇ ವೇದಾವತಿಯಾಗಿ ಬಯಲಿಗಿಳಿದು ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರ ತುಂಬಬೇಕು. 2022ರಲ್ಲಿ ಇದೇ ಗುಡ್ಡಗಳಲ್ಲಿ ಕುರಿಂಜಿ ಅರಳಿ ಬೆಟ್ಟಕ್ಕೆ ಬೆಟ್ಟವೇ ನೀಲಿಯಾದಾಗ ನೋಡಲು ಬಂದವರು ಅದರ ಮೇಲೆಯೇ ನಡೆದಾಡಿದರು. ಏರಿನಲ್ಲಿ ಇಂಜಿನ್ ಆಫ್ ಆಗುವ ಭಯ ಇಂಥ ಎಷ್ಟೋ ಜನರನ್ನು ಇಷ್ಟು ದಿನ ರಸ್ತೆಯಲ್ಲೇ ಹಿಡಿದಿಟ್ಟಿತ್ತು. ಅದನ್ನೂ ಕಳಚಿಹಾಕುವ ಸಾಮಾನನ್ನು ನಾನೇ ಆಯಿಲ್ಲಿನಲ್ಲಿ ನೆನೆಹಾಕಿದ್ದೆ. ಎತ್ತಿದ ಎಡಗೈ ಇಳಿಸಿದೆ. ಬೈಯ್ಯೋಣ ಎಂದರೆ ಅವರಾಗಲೇ ಮಂಜಿನೊಳಗೆ ಹೋಗಿದ್ದರು. ನಾನು ಬೈದದ್ದು ಮ್ಯಾಗಿ ತಿನ್ನುತ್ತಿದ್ದ ಒಬ್ಬ ನಿರಪರಾಧಿಗೆ ಕೇಳಿಸಿತು.

ಮರುದಿನದಿಂದ ಮುಂದಿನ ಬ್ರೇಕ್ ಲಿವರಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಗಾಡಿ ನಿಲ್ಲಿಸುವ ಅಭ್ಯಾಸ ಮಾಡಿಕೊಂಡೆ. ಮೆಣಸಿನ ಬಳ್ಳಿ ಕಟ್ಟಲು ಇಟ್ಟಿದ್ದ ಪಟ್ಟಿ. ಪರೀಕ್ಷೆಗೂ ರಬ್ಬರು, ಪಾರ್ಕಿಂಗಿಗೂ ರಬ್ಬರು. ಮಧ್ಯದಲ್ಲಿರುವ ಕಬ್ಬಿಣಕ್ಕೆ ಯಾಕೆ ದುಡ್ಡು ಕೊಟ್ಟೆವು ಎಂದು ನಮ್ಮನೆಯವಳು ಕೇಳಿದಳು. ಉದ್ದದ ಉತ್ತರ ಇತ್ತು.

ಇಷ್ಟರ ಮೇಲೆ ನಾನು ತೋಟದ ಆ ತಿರುವಿಗೆ ಹೋದೆ. ಹೆಂಗಸರು ಕತ್ತಿ ಇಟ್ಟು ನಿಂತರು. ಬೇರು ದಾಟಿತು. ಸಡಿಲ ಕಲ್ಲು ದಾಟಿತು. ಕೊರಕಲಿನ ಅಂಚಿಗೆ ಬಂದಾಗ, ಯಾವಾಗಲೂ ಆಫ್ ಆಗುತ್ತಿದ್ದ ಜಾಗದಲ್ಲಿ, ನಾನು ಬ್ರೇಕ್ ಹಿಡಿದು ನಿಂತುಬಿಟ್ಟೆ. ಬಾಯಿ ತಾನಾಗಿ, "ಆಫ್ ಆಯ್ತು" ಅಂತು.

ಇಂಜಿನ್ ಗುಡುಗುಡು ಅನ್ನುತ್ತಲೇ ಇತ್ತು. ಯಾರೂ ಏನೂ ಮಾತಾಡಲಿಲ್ಲ. ಆ ಇಂಜಿನ್ನಿನ ಸದ್ದು ಅಷ್ಟು ಸ್ಪಷ್ಟವಾಗಿ ನನಗೆ ಹಿಂದೆಂದೂ ಕೇಳಿಸಿರಲಿಲ್ಲ. ಇಷ್ಟು ವರ್ಷ ಆ ಕೊರಕಲಿನ ಹತ್ತಿರ ಕೈ ಬಿಡುತ್ತಿದ್ದದ್ದು ಕ್ಲಚ್ಚೋ, ಕೊರಕಲು ನೋಡಿದ ಕೂಡಲೇ ಹಾರುತ್ತಿದ್ದ ನನ್ನ ಎದೆಯೋ ಎಂಬುದನ್ನು ಬಗೆಹರಿಸುವ ಸಾಕ್ಷಿ ಕಾಲಡಿಯಲ್ಲೇ ನಿಂತು ಹೇಳಿಕೆ ಕೊಡುತ್ತಿತ್ತು. ಮಾಮೂಲಿ ಕ್ಲಚ್ಚಿಗೆ ಒಂದು ದೊಡ್ಡ ಗುಣ ಇದೆ: ಅದು ನಮ್ಮ ಹೆದರಿಕೆಯನ್ನು ತನ್ನ ಮೇಲೆ ಹಾಕಿಕೊಳ್ಳುತ್ತದೆ, ಹೊರಗೆ ಬಾಯಿಬಿಡುವುದಿಲ್ಲ. ಆ ಉಪಕಾರಿಯನ್ನು ಕೈಯಾರೆ ದುಡ್ಡು ಕೊಟ್ಟು ಕೆಲಸದಿಂದ ಬಿಡಿಸಿದ್ದೆ.

"ಹತ್ಸಿ ಅಯ್ಯಾ, ಹಿಂದೆ ನಾವಿದೀವಿ" ಎಂದಳು ಯಾವಾಗಲೂ ಮರುಕ ತೋರುತ್ತಿದ್ದವಳು. ಹತ್ತಿಸದೆ ಉಪಾಯವಿರಲಿಲ್ಲ. ಕಣ್ಣು ಮುಚ್ಚಿ ತಿರುಗಿಸಿದೆ. ಬೈಕು ಹತ್ತಿತು. ಅದರ ಮೇಲೆ ನಾನೂ ಇದ್ದೆ.

ಮೇಲಿನ ತೋಟದಲ್ಲಿ ನಮ್ಮ ಮೆಣಸು ಕುಯ್ಯುವ ಆಳೊಬ್ಬನಿದ್ದ. ಕೆಲವು ವರ್ಷದ ಹಿಂದೆ ಏಣಿಯಿಂದ ಬಿದ್ದು ಅವನ ಎಡ ಮುಂಗೈ ಸೊಟ್ಟಗೆ ಕೂಡಿಕೊಂಡಿದೆ, ಬೆರಳು ಪೂರ್ತಿ ಮಡಚುವುದಿಲ್ಲ. ಇದ್ದ ಬೈಕು ಮಾರಿ ಟಿವಿಎಸ್ ಎಕ್ಸೆಲ್ ತಗೊಂಡಿದ್ದಾನೆ. ಅದಕ್ಕೆ ಕ್ಲಚ್ ಲಿವರೂ ಇಲ್ಲ, ಗೇರೂ ಇಲ್ಲ. ಮುಂದೆ ಗೊಬ್ಬರದ ಮೂಟೆ, ಹಿಂದೆ ಹೆಂಡತಿ, ಮಧ್ಯೆ ತಾನು, ಹೀಗೆ ಅದೇ ಕೊರಕಲು ದಾಟಿ ದಿನಾ ಬರುತ್ತಾನೆ. ಅವನನ್ನು ನೋಡಲು ಯಾರೂ ಕತ್ತಿ ಕೆಳಗಿಟ್ಟಿದ್ದಿಲ್ಲ. ನನ್ನ ಬೈಕಿನಲ್ಲಿ ಕ್ಲಚ್ ಹಿಡಿಯದೆ ಓಡಿಸಬಹುದು ಎಂದು ಕೇಳಿ ಅವನ ಕಣ್ಣು ಅರಳಿತು. "ಒಂದು ರೌಂಡ್ ಹೋಗ್ಬರ್ಲಾ ಅಯ್ಯಾ?" ಎಂದ. ಕೈ ಮುರಿದ ಮೇಲೆ ಅವನು ಗೇರಿನ ಬೈಕು ಮುಟ್ಟಿರಲಿಲ್ಲ. ಹೋದ. ಸಿಲ್ವರ್ ಓಕಿನ ಸಾಲಿನ ಆಚೆಗೆ ಹೋಗಿ, ನಾನು ನಡೆದುಕೊಂಡು ಹೋಗಲೂ ಅಂಜುವ ಕಡೆಯೆಲ್ಲ ಸುತ್ತಿ, ಸೆಕೆಂಡ್ ಗೇರಿನಲ್ಲೇ ಕೊರಕಲು ಹಾರಿಸಿಕೊಂಡು ಬಂದ. ಇಳಿದವನ ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು. ಸೊಟ್ಟ ಕೈಯನ್ನು ಹ್ಯಾಂಡಲಿನ ಮೇಲೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದ. ನಾನು ಖರ್ಚು ಮಾಡಿದ ದುಡ್ಡಿನಲ್ಲಿ ಒಂದು ರೂಪಾಯಿಯೂ ದಂಡವಾಗಿಲ್ಲ ಎಂದು ನನಗೆ ಅನ್ನಿಸಿದ್ದು ಆ ಹೊತ್ತಿನಲ್ಲಿ ಮಾತ್ರ.

"ಹೆಂಗಿದೆ?" ಎಂದೆ.

"ಭಾರಿ ಚೆನ್ನಾಗಿದೆ ಅಯ್ಯಾ. ಆದ್ರೆ ಮೂಟೆ ಎಲ್ಲಿ ಇಡೋದು?"

ಈಗ ಒಂದೇ ಸಮಸ್ಯೆ ಉಳಿದಿದೆ. ಎಡಗೈಗೆ ಕೆಲಸವಿಲ್ಲ. ಲಿವರ್ ಇದೆ, ಹಿಡಿಯುವ ಅಗತ್ಯವಿಲ್ಲ. ಹಳೇ ಚಾಳಿಯಲ್ಲಿ ಸುಮ್ಮನೆ ಹಿಡಿದು ಬಿಟ್ಟು ಮಾಡುತ್ತಿರುತ್ತದೆ. ಇಳಿಜಾರಿನಲ್ಲಂತೂ ಬಲಗಾಲು ಕಲ್ಲು ತಪ್ಪಿಸಲೋ, ಬ್ರೇಕ್ ತುಳಿಯಲೋ ಎಂದು ಒದ್ದಾಡುವಾಗ ಎಡಗೈ ಮಾತ್ರ ಮಜವಾಗಿ ಕೂತಿರುತ್ತದೆ. ಆಟೋಮ್ಯಾಟಿಕ್ ಕ್ಲಚ್ ಇರುವವರು ಹಿಂದಿನ ಚಕ್ರದ ಬ್ರೇಕನ್ನು ಕಾಲಿನಿಂದ ಎಡಗೈಗೆ ವರ್ಗಾಯಿಸಿಕೊಳ್ಳುತ್ತಾರಂತೆ, ಅದಕ್ಕೂ ಬೇರೆ ಕಿಟ್ ಸಿಗುತ್ತದೆ. ಮೇಸ್ತ್ರಿಗೆ ಫೋನ್ ಮಾಡಿ ಕೇಳಿದೆ.

"ಅಂದ್ರೆ ಅಣ್ಣ, ಎಡಗಡೆ ಲಿವರ್ ಬೇಡ ಅಂತ ಅಷ್ಟು ಕೊಟ್ರಿ" ಎಂದ ಅವನು, ಲೆಕ್ಕ ಮನಸ್ಸಿನಲ್ಲೇ ಕೂಡಿಕೊಳ್ಳುತ್ತಾ. "ಈಗ ಅದೇ ಜಾಗಕ್ಕೆ ಒಂದು ಲಿವರ್ ಬೇಕು ಅಂತ ಇಷ್ಟು ಕೊಡ್ತೀರಿ."

"ಹೌದು."

"ಸೋಮವಾರ ತನ್ನಿ" ಎಂದ.

ಬೋಗುಣಿ ಏನಾದರೂ ಬೇಕಾಗುತ್ತದೆಯೇ ಎಂದು ಮೊದಲೇ ಕೇಳಿಟ್ಟುಕೊಂಡಿದ್ದೇನೆ. ಈ ಸಲ ಬೇಡವಂತೆ.